ಕಿಟಕಿಯಲ್ಲಿಟ್ಟ ನೀರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಡಬದ ಸುತ್ತಮುತ್ತ ಎಷ್ಟೋ ತಾಯಂದಿರು ತಮ್ಮ ಹೆಣ್ಣುಮಗುವಿಗೆ ಅವರ ಹೆಸರಿಡಲು ಹೊರಟಾಗ ಅವರೇ ಬೇಡವೆಂದವರು. "ನಾನು ಬಾಗಿಲು ತೆಗೆದವಳು ಮಾತ್ರ ಮಾರಾಯ್ರೆ. ಬಾಗಿಲು ತೆಗೆದವರ ಹೆಸರು ಯಾರಾದ್ರೂ ಮಗುವಿಗೆ ಇಡ್ತಾರಾ?" ಎಂದು ನಗುತ್ತಿದ್ದರು. ಈಗ ನಾನು ಬರೆದು ಬಿಟ್ಟರೆ ಅಲ್ಲಿಂದಲೇ ಗದರಿಸಿಯಾರು.

ಹಾಗಾಗಿ ಬರೇ ಸಿಸ್ಟರ್. ಕಳೆದ ತಿಂಗಳು ಪುತ್ತೂರಿನಲ್ಲಿ, ವಯಸ್ಸಾದ ಕನ್ಯಾಸ್ತ್ರೀಯರು ಇರುವ ಮನೆಯಲ್ಲಿ ಅವರು ತೀರಿಕೊಂಡರು. ಮರಣದ ಪೂಜೆಗೆ ಬಂದವರಲ್ಲಿ ನಮ್ಮ ಕ್ರೈಸ್ತರಿಗಿಂತ ಹೊರಗಿನವರೇ ಹೆಚ್ಚು. ಅರಂತೋಡು, ಆಲೆಟ್ಟಿ ಕಡೆಯ ಗೌಡರ ಹೆಂಗಸರು ಬಸ್ಸು ಬದಲಿಸಿ ಬಂದಿದ್ದರು. ಬ್ಯಾರಿ ಮುಸಲ್ಮಾನ ಹೆಂಗಸರು ಇಗರ್ಜಿಯ ಜಗಲಿಯಲ್ಲಿ ಗುಂಪಾಗಿ ನಿಂತಿದ್ದರು. ಪ್ರತಿಯೊಬ್ಬರೂ ಒಂದು ದೊಡ್ಡ ಮಗುವನ್ನು ಮುಂದಕ್ಕೆ ತಳ್ಳುತ್ತಿದ್ದರು. "ಇವ ಸಿಸ್ಟರ್‌ನ ಕೈಯಲ್ಲಿ ಹುಟ್ಟಿದವ ನೋಡಿ," ಎಂದು ಒಬ್ಬಾಕೆ ಹೇಳಿದಾಗ, ದಪ್ಪ ಮೀಸೆಯ ಆ "ಇವ" ನಾಚಿ ನೆಲ ನೋಡಿದ. ಫಾದರ್ ತಮ್ಮ ಪ್ರಸಂಗದಲ್ಲಿ ಸೇವೆ, ತ್ಯಾಗ, ಡೆಡಿಕೇಶನ್ ಎಂದೆಲ್ಲ ಹೇಳಿದರು. ಹೇಳಲೇಬೇಕಲ್ಲ. ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಕ್ರೋಶಾ ಬಟ್ಟೆ ಮುಚ್ಚಿದ ಒಂದು ಸ್ಟೀಲ್ ಲೋಟ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಮಂಗಳೂರಿನ ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳು ನಮಗೆ ಹ್ಯಾಂಡ್‌ರೈಟಿಂಗ್ ಕಲಿಸಿದರು, ನೀಡಲ್‌ವರ್ಕ್ ಕಲಿಸಿದರು, ತಲೆಯ ಮೇಲೆ ಪುಸ್ತಕ ಇಟ್ಟು ನಡೆಯುವುದನ್ನು ಕಲಿಸಿದರು. ಮಗು ಎಲ್ಲಿಂದ ಬರುತ್ತದೆ ಎಂಬ ಪಾಠ ಬಂದಾಗ ಬಯಾಲಜಿ ಮಿಸ್ ಕೂಡ "ನೆಕ್ಸ್ಟ್ ಚಾಪ್ಟರ್" ಎಂದು ಪುಟ ತಿರುಗಿಸಿದ್ದರು. ಕನ್ಯಾಸ್ತ್ರೀ ಎಂದರೆ ಬಿಳಿ ಕಾಲುಚೀಲ, ಸಾಬೂನಿನ ವಾಸನೆ, ಸೈಲೆನ್ಸ್ ಪ್ಲೀಸ್. ಮದುವೆಯಾಗಿ ಕಡಬದ ಹತ್ತಿರ ಶಾಲೆಯಲ್ಲಿ ಟೀಚರ್ ಆಗಿ ಸೇರಿದ ಮೇಲೆ ಈ ಸಿಸ್ಟರನ್ನು ಕಂಡೆ. ಮೊಣಕೈ ತನಕ ತೋಳು ಮಡಚಿ, ರಕ್ತದ ಬಟ್ಟೆಗಳನ್ನು ಬಾವಿಕಟ್ಟೆಯಲ್ಲಿ ತಾವೇ ಒಗೆಯುತ್ತ, ಮಲಯಾಳದ ಹಾಡು ಗುನುಗುತ್ತಿದ್ದರು.

ಕೇರಳದಿಂದ ಬಂದವರು. ಕನ್ನಡವನ್ನು ಹೆರಿಗೆ ನೋವಿನಲ್ಲಿದ್ದ ಹೆಂಗಸರಿಂದ ಕಲಿತವರು, ಹಾಗಾಗಿ ಬೈಗುಳಗಳೆಲ್ಲ ಚೆನ್ನಾಗಿ ಬರುತ್ತಿದ್ದವು. ಕುಳ್ಳಗೆ, ಅಗಲ ಭುಜ, ಆದರೆ ಕೈ ಮಾತ್ರ ಹತ್ತು ವರ್ಷದ ಹುಡುಗಿಯ ಕೈಯಷ್ಟು ಸಣ್ಣ. "ದೇವರು ಮುಖಕ್ಕೆ ಎಂತದೂ ಕೊಡ್ಲಿಲ್ಲ, ಕೆಲಸಕ್ಕೆ ಬೇಕಾದ್ದು ಕೊಟ್ಟ," ಎನ್ನುತ್ತಿದ್ದರು. ಬಸುರಿ ಯಾರೇ ಇರಲಿ, ಯಾವ ಜಾತಿಯೇ ಇರಲಿ, "ಮೋಳೆ" ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಮಗಳೇ ಎಂದು.

ಕಾನ್ವೆಂಟಿನ ಡಿಸ್ಪೆನ್ಸರಿಯ ಹಿಂದೆ ಅವರ ಹೆರಿಗೆ ಕೋಣೆ. ಒಂದು ಟೇಬಲು, ಒಂದು ತೊಟ್ಟಿಲು, ಪಡುವಣಕ್ಕೆ ಒಂದು ಕಿಟಕಿ. ಗೋಡೆಯಲ್ಲಿ ಗಡಿಯಾರ ಇತ್ತು, ಅವರು ಅದನ್ನು ನೋಡುತ್ತಿರಲಿಲ್ಲ. ಅವರ ಗಡಿಯಾರ ಜಪಮಣಿ. ಒಂದು ಹೇಲ್ ಮೇರಿ ಪ್ರಾರ್ಥನೆಯನ್ನು ಅವಸರವಿಲ್ಲದೆ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅದು ಅವರ ಲೆಕ್ಕದಲ್ಲಿ ಒಂದು ಮಣಿ. ನಾಲ್ಕು ಮಣಿಗೆ ಒಂದು ನಿಮಿಷ. ಕೈ ತೊಳೆಯುವುದು ಹನ್ನೆರಡು ಮಣಿ. ನೋವು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ಮಣಿಯಲ್ಲೇ. ಅಲ್ಲಿಗೆ ಬರುವ ಹೆಂಗಸರಿಗೂ ಅದೇ ಭಾಷೆ ಬಂದುಬಿಟ್ಟಿತ್ತು. "ಸಿಸ್ಟರ್, ಬೆಳಿಗ್ಗೆಯಿಂದ ಎರಡು ಮಣಿ ನೋವು ಬರ್ತಾ ಉಂಟು," ಎಂದು ಕುಂಕುಮ ಇಟ್ಟವರು ಬಂದು ಹೇಳುವುದನ್ನು ನಾನೇ ಕೇಳಿದ್ದೇನೆ. ಒಮ್ಮೆ ಒಬ್ಬಳು ಬ್ಯಾರಿ ಹುಡುಗಿ, "ನಾನು ನಮ್ಮದು ಹೇಳಬಹುದಾ ಸಿಸ್ಟರ್?" ಎಂದು ಅಳುತ್ತಾ ಕೇಳಿದಳಂತೆ. "ಧಾರಾಳ ಹೇಳು ಮೋಳೆ. ಉದ್ದ ಒಂದೇ ಆದ್ರೆ ಸಾಕು."

ಇನ್ನು ಆ ಲೋಟ. ಪ್ರತಿ ಹೆರಿಗೆಗೆ ಮೊದಲು ಕುದಿಸಿ ಆರಿಸಿದ ನೀರನ್ನು ಆ ಲೋಟದಲ್ಲಿ ತುಂಬಿಸಿ, ಮೇಲೆ ಮಣಿ ಪೋಣಿಸಿದ ಕ್ರೋಶಾ ಬಟ್ಟೆ ಮುಚ್ಚಿ, ಕಿಟಕಿಯ ದಂಡೆಯಲ್ಲಿ ಇಡುತ್ತಿದ್ದರು. ನಮ್ಮವರಿಗೆ ಅದು ಏನೆಂದು ಹೇಳಬೇಕಾಗಿರಲಿಲ್ಲ. ಹುಟ್ಟಿದ ಕೂಸು ಉಳಿಯುವಂತಿಲ್ಲ ಎಂದು ಕಂಡರೆ ಪಾದ್ರಿ ಬರುವ ತನಕ ಕಾಯಬೇಕಾಗಿಲ್ಲ. ಹತ್ತಿರ ಇದ್ದವರು ಯಾರೇ ಆಗಲಿ ಹೆಸರು ಹೇಳಿ, ತಲೆಗೆ ನೀರು ಎರೆದು ಜ್ಞಾನಸ್ನಾನ ಕೊಡಬಹುದು. ಆ ಲೋಟ ಅದಕ್ಕೆ. ನಮ್ಮ ಮಕ್ಕಳಿಗೆ ಮಾತ್ರ. ಬೇರೆಯವರ ಕೂಸಿಗೆ ಕಷ್ಟ ಬಂದರೆ ಸಿಸ್ಟರ್ ಬಾಗಿಲು ತೆರೆದು ಅಜ್ಜಿಯನ್ನೋ ಅತ್ತೆಯನ್ನೋ ಒಳಗೆ ಕರೆದು, "ನಿಮ್ಮಲ್ಲಿ ಎಂತ ಮಾಡ್ಬೇಕೋ ಮಾಡಿ," ಎಂದು ಬದಿಗೆ ನಿಲ್ಲುತ್ತಿದ್ದರು. ಆದರೂ ಲೋಟ ಎಲ್ಲ ಹೆರಿಗೆಗೂ ಇರುತ್ತಿತ್ತು. ಯಾಕೆಂದರೆ ಅದಕ್ಕೆ ಎರಡನೆಯ ಉಪಯೋಗ ಇತ್ತು. ಕೂಸು ಅತ್ತು, ತಾಯಿಯ ಎದೆಗೆ ಸೇರಿದ ಮೇಲೆ ಸಿಸ್ಟರ್ ಕಿಟಕಿಯ ಹತ್ತಿರ ಹೋಗಿ, ಬಟ್ಟೆ ತೆಗೆದು, ಆ ನೀರನ್ನು ಒಂದೇ ಉಸಿರಿಗೆ ಕುಡಿಯುತ್ತಿದ್ದರು. "ಇವತ್ತಿಗೆ ಇದು ಮಗುವಿಗೆ ಬೇಡವಾಯ್ತು. ಹಾಗಾದ್ರೆ ನನ್ನದು."

ಏಳು ಸಲ ಅವರಿಗೆ ಕುಡಿಯಲಿಕ್ಕೆ ಸಿಕ್ಕಿರಲಿಲ್ಲ. ಆ ಏಳು ಹೆಸರುಗಳು ಅವರಿಗೆ ಬಾಯಿಪಾಠ. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಸಿಮಿತ್ರಿಯ, ಅಂದರೆ ನಮ್ಮ ಸ್ಮಶಾನದ, ಮೂಲೆಯ ಸಣ್ಣ ಗುಡ್ಡೆಗಳ ಹತ್ತಿರ ನಿಂತು ಒಂದೊಂದೇ ಹೆಸರು ಹೇಳುತ್ತಿದ್ದರು, ನಾವು ಶಾಲೆಯಲ್ಲಿ ಹಾಜರಿ ಕರೆದ ಹಾಗೆ.

ಅವರ ದೇವಶಾಸ್ತ್ರ ನಮ್ಮ ಕ್ಯಾಟೆಕಿಸಂ ಪುಸ್ತಕದಲ್ಲಿ ಇದ್ದದ್ದಲ್ಲ. ಒಂದು ಭಾನುವಾರ ಹೊಸದಾಗಿ ಬಂದ ಯುವ ಫಾದರ್, ಹೆರಿಗೆಯ ನೋವು ಹವ್ವಳ ಪಾಪಕ್ಕೆ ಸಿಕ್ಕಿದ ಶಿಕ್ಷೆ ಎಂದು ಬೋಧಿಸಿದರು. ಪೂಜೆ ಮುಗಿದ ಕೂಡಲೇ ಸಿಸ್ಟರ್ ಅವರನ್ನು ಮೆಟ್ಟಿಲಲ್ಲೇ ಹಿಡಿದರು.

"ಫಾದರ್, ಒಂದು ದಿನ ನಮ್ಮ ರೂಮಿಗೆ ಬನ್ನಿ. ಹೊರಗೆ ಬೆಂಚಿನಲ್ಲಿ ಕೂತರೂ ಸಾಕು."

"ಎಂತಕ್ಕೆ ಸಿಸ್ಟರ್?"

"ದೇವರಿಗೆ ಮನಸ್ಸು ಇದ್ದಿದ್ರೆ ಮೋಡದಿಂದ ಇಳಿದು ಬರ್ಬಹುದಿತ್ತು. ಆಕಾಶಕ್ಕೆ ಎಂತ ಬಾಗಿಲು ಇರ್ಲಿಲ್ವಾ? ಆದ್ರೆ ಬಂದದ್ದು ಈ ದಾರಿಯಲ್ಲಿ. ಒಂಬತ್ತು ತಿಂಗಳು ಕತ್ತಲೆಯಲ್ಲಿ ಕಾದು, ತಲೆ ಬಗ್ಗಿಸಿ, ನೀರು ರಕ್ತದ ಒಟ್ಟಿಗೆ. ಅವನೇ ಬಂದ ದಾರಿಯನ್ನು ಶಿಕ್ಷೆ ಅಂತ ಹೇಳುದು ಹೇಗೆ?"

ಫಾದರ್ ಕಿವಿ ತನಕ ಕೆಂಪಾದರು. ಮುಂದಿನ ಕ್ರಿಸ್ಮಸ್ಸಿಗೆ ಅದೇ ಮಾತನ್ನು ತಮ್ಮದೆಂಬಂತೆ ಪ್ರಸಂಗದಲ್ಲಿ ಹೇಳಿದರು. ಸಿಸ್ಟರ್ ಹಿಂದಿನ ಬೆಂಚಿನಲ್ಲಿ ಕೂತು ನನ್ನನ್ನು ಮೊಣಕೈಯಿಂದ ತಿವಿದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಗುಡ್ ಫ್ರೈಡೆಯ ದಿನ ಮಾಡಿದ್ದನ್ನು ಮಾಡಿದೆ. ಅದನ್ನು ಬರೆಯದೆ ಅವರ ಬಗ್ಗೆ ಬರೆದರೆ ಅದು ಪ್ರಾಮಾಣಿಕವಲ್ಲ.

ನನ್ನ ಮಗಳು ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಅಳಿಯನ ಮನೆ ಸುಳ್ಯದಲ್ಲಿ. ನನ್ನವರು ಆಗಲೇ ತೀರಿಕೊಂಡಿದ್ದರು, ಮನೆಯಲ್ಲಿ ನಾವಿಬ್ಬರೇ. ಎರಡು ವಾರ ಮೊದಲು ಸಿಸ್ಟರ್ ಅವಳ ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದರು: "ಮಗು ದೊಡ್ಡದುಂಟು. ತಲೆ ಬರ್ತದೆ, ಭುಜದ್ದು ನಂಗೆ ಹೆದರಿಕೆ. ಇಲ್ಲಿ ಬೇಡ. ಒಂದು ಸಣ್ಣ ನೋವು ಬಂದ ಕೂಡ್ಲೇ ಪುತ್ತೂರಿಗೆ ಹೋಗಿ ಟೀಚರ್. ಕಾಯ್ಲಿಕ್ಕೆ ಇಲ್ಲ."

ಗುಡ್ ಫ್ರೈಡೆಯ ಬೆಳಿಗ್ಗೆ ಆರು ಗಂಟೆಗೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಮ್ಮಿ, ಸೊಂಟ ಹಿಡಿದ ಹಾಗೆ ಆಗ್ತದೆ," ಎಂದಳು.

ಆ ದಿನ ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಯಲ್ಲಿ ಮೊದಲ ವಾಚನ ನನ್ನದು. ಎಷ್ಟೋ ವರ್ಷಗಳಿಂದ ನನ್ನದೇ. ನನ್ನ ಉಚ್ಚಾರ ಇಡೀ ಇಗರ್ಜಿಯಲ್ಲಿ ಬೇರೆ ಯಾರಿಗೂ ಇಲ್ಲವೆಂದು ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ಒಂದು ಮಿಸ್ಟೇಕ್ ಕೂಡ ಆಗಬಾರದೆಂದು ವಾರದಿಂದ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದೆ. ಮಗಳ ಮುಖ ನೋಡಿದೆ. "ಅದು ಫಾಲ್ಸ್ ಪೇನ್. ಚೊಚ್ಚಲು ಅಷ್ಟು ಬೇಗ ಆಗುದಿಲ್ಲ. ಮೂರು ಗಂಟೆಯದ್ದು ಮುಗಿಸಿ ಹೋಗುವ," ಎಂದೆ. ಅವಳು ಒಳ್ಳೆಯ ಹುಡುಗಿ, ನಾನು ಬೆಳೆಸಿದ ಹುಡುಗಿ. ಹೇಳಿದ್ದನ್ನು ಕೇಳಿದಳು. ಏಳು ತಾಸು ಹಲ್ಲು ಕಚ್ಚಿ ಕೂತಳು.

ಒಂದು ಗಂಟೆಗೆ ನೀರು ಒಡೆಯಿತು. ಪಕ್ಕದ ಮನೆಯ ಜೀಪಿನವನನ್ನು ಕೂಗಿ ಕರೆದೆ. ಅವನು ತುಳು ಮಾತಾಡುವವನು, ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದ. ಜೀಪು ಎರಡು ಮೈಲು ಹೋಗಿರಲಿಕ್ಕಿಲ್ಲ, ಹಿಂದಿನ ಸೀಟಿನಲ್ಲಿ ಮಗಳು ನನ್ನ ಕೈಯನ್ನು ಹಿಂಡಿ, ಹಸುವಿನ ಹಾಗೆ ಒಂದು ಸ್ವರ ತೆಗೆದಳು. ಜೀಪಿನವನು ಕನ್ನಡಿಯಲ್ಲಿ ನೋಡಿದ.

"ಬಾಯಮ್ಮ, ಪುತ್ತೂರಿಗೆ ಎತ್ತುದಿಲ್ಲ, ದಾರಿಯಲ್ಲೇ ಆಗ್ತದೆ. ನಾಲ್ಕು ಮಕ್ಕಳ ಅಪ್ಪ ನಾನು, ಈ ಸ್ವರ ಗೊತ್ತುಂಟು."

"ಇಲ್ಲ, ನೀನು ಹೋಗು. ಸಿಸ್ಟರ್ ಪುತ್ತೂರು ಅಂತ ಹೇಳಿದ್ದಾರೆ."

"ಸಿಸ್ಟರ್ ಹೇಳಿದ್ದು ಯಾವಾಗ? ಈಗ ಎಂತ ಹೇಳ್ತಾರೆ ಕೇಳುವ." ಜೀಪನ್ನು ಕಾನ್ವೆಂಟಿನ ಗೇಟಿಗೆ ತಿರುಗಿಸಿಯೇ ಬಿಟ್ಟ.

ಗೇಟಿಗೆ ಬೀಗ. ಕಂಬದಲ್ಲಿ ಗಂಟೆ ತೂಗುತ್ತಿತ್ತು, ಅದರ ಹಗ್ಗವನ್ನು ಮೇಲಕ್ಕೆ ಎತ್ತಿ ಕಟ್ಟಿದ್ದರು. ಗುರುವಾರ ರಾತ್ರಿಯಿಂದ, ಯೇಸು ಸಾವಿನಿಂದ ಎದ್ದ ಪಾಸ್ಕ ಹಬ್ಬದ ತನಕ ನಮ್ಮಲ್ಲಿ ಗಂಟೆ ಬಾರಿಸುವಂತಿಲ್ಲ. ಯೇಸುವಿನ ಮರಣಕ್ಕೆ ಗಂಟೆಗಳೂ ಮೌನ. ನಾನು ಜೀಪಿನಿಂದ ಇಳಿದು ಓಡಿದೆ. ಕೈ ಹಗ್ಗದ ಹತ್ತಿರ ಹೋಯಿತು, ಅಲ್ಲೇ ನಿಂತಿತು. ನಂಬುತ್ತೀರೋ ಇಲ್ಲವೋ, ಹಿಂದೆ ನನ್ನ ಮಗಳು ಅರಚುತ್ತಿದ್ದಾಳೆ, ನಾನು ಗಂಟೆ ಬಿಟ್ಟು ಕಬ್ಬಿಣದ ಗೇಟನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದೇನೆ, ಹೆಡ್‌ಮಿಸ್ಟ್ರೆಸ್ಸಿನ ರೂಮಿನ ಬಾಗಿಲು ತಟ್ಟಿದ ಹಾಗೆ.

"ಎಂತ ಬಾಯಮ್ಮ ನೀವು!" ಜೀಪಿನವನು ನನ್ನನ್ನು ಬದಿಗೆ ಸರಿಸಿ, ಹಾರಿ ಹಗ್ಗ ಕಿತ್ತು, ಊರಿಗೆ ಬೆಂಕಿ ಬಿದ್ದ ಹಾಗೆ ಗಂಟೆ ಬಾರಿಸಿದ.

ಸಿಸ್ಟರ್ ಚಾಪೆಲಿನಿಂದ ಓಡಿ ಬಂದರು. ಬೇರೆಯವರೆಲ್ಲ ಇಗರ್ಜಿಗೆ ಹೋಗಿಯಾಗಿತ್ತು. ಬೆಳಿಗ್ಗೆಯಿಂದ ಹನಿ ನೀರೂ ಇಲ್ಲದ ಉಪವಾಸ, ತುಟಿ ಒಡೆದಿತ್ತು. ಜೀಪಿನೊಳಗೆ ಒಮ್ಮೆ ನೋಡಿದರು. "ಗಂಟೆ ಬಾರಿಸಿದ್ದು ಯಾರು?"

"ನಾನು," ಎಂದ ಜೀಪಿನವನು, ಸ್ವಲ್ಪ ಹೆದರಿ.

"ಒಬ್ಬನಿಗಾದ್ರೂ ಬುದ್ಧಿ ಉಂಟು. ಆ ಬದಿಯಿಂದ ಹಿಡಿ."

ಕೈ ತೊಳೆಯುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಹನ್ನೆರಡು ಮಣಿ ಪೂರ್ತಿ. ಆ ಅವಸರದಲ್ಲೂ ಒಂದೂ ಕಡಿಮೆ ಮಾಡಲಿಲ್ಲ. ಲೋಟ ತುಂಬಿಸಿದರು, ಮುಚ್ಚಿದರು, ಕಿಟಕಿಯಲ್ಲಿಟ್ಟರು. ನಂತರ ನನ್ನ ಕಡೆ ತಿರುಗಿದರು. "ಟೀಚರ್, ಇವತ್ತು ನೀವೇ ನರ್ಸು, ನೀವೇ ಗಡಿಯಾರ. ತಲೆ ಹೊರಗೆ ಬಂದ ಕೂಡ್ಲೇ ಗಟ್ಟಿಯಾಗಿ ಮಣಿ ಹೇಳ್ಲಿಕ್ಕೆ ಶುರು ಮಾಡಿ. ಇಪ್ಪತ್ತರ ಒಳಗೆ ಮಗು ಪೂರ್ತಿ ಬರ್ಬೇಕು. ನಿಲ್ಲಿಸ್ಬಾರ್ದು. ಎಂತ ನೋಡಿದ್ರೂ ನಿಲ್ಲಿಸ್ಬಾರ್ದು."

ಎರಡು ಗಂಟೆ ದಾಟಿತ್ತು. ಕಿಟಕಿಯಿಂದ ಬಿಸಿಲು ನೇರ ಟೇಬಲಿನ ಮೇಲೆ. ಮಗಳ ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. "ಸಾಕು ಮಮ್ಮಿ, ನನ್ನಿಂದ ಆಗುದಿಲ್ಲ," ಎನ್ನುತ್ತಿದ್ದಳು. ತಲೆ ಬಂತು. ಬಂದದ್ದು, ಆಮೆ ಚಿಪ್ಪಿನೊಳಗೆ ಎಳೆದುಕೊಂಡ ಹಾಗೆ, ಹಿಂದಕ್ಕೆ ಬಿಗಿಯಾಗಿ ಕೂತಿತು. ಸಿಸ್ಟರ್‌ನ ಮುಖದಲ್ಲಿದ್ದ ನಗು ಎಲ್ಲಿಗೋ ಹೋಯಿತು.

"ಟೀಚರ್, ಮಣಿ."

ಶುಕ್ರವಾರ, ಅದರಲ್ಲೂ ಗುಡ್ ಫ್ರೈಡೆ. ಜಪಸರಕ್ಕೆ ಆಯಾ ದಿನದ ಧ್ಯಾನ ಇರುತ್ತದೆ, ಯೇಸುವಿನ ಬದುಕಿನ ಒಂದೊಂದು ಘಟನೆ. ಐವತ್ತು ವರ್ಷದ ಅಭ್ಯಾಸದಿಂದ ನನ್ನ ಬಾಯಿ ತಾನೇ ತೆರೆಯಿತು: "ದುಃಖದ ರಹಸ್ಯ, ಮೊದಲನೆಯದು, ಯೇಸು ತೋಟದಲ್ಲಿ ರಕ್ತದ ಬೆವರು..."

"ಅದಲ್ಲ!" ಸಿಸ್ಟರ್ ಕೂಗಿದರು. "ಈ ರೂಮಿನಲ್ಲಿ ಅದಿಲ್ಲ. ಸಂತೋಷದ್ದು. ಎರಡನೇದು ಹೇಳಿ!"

ಸಂತೋಷದ ಎರಡನೆಯ ರಹಸ್ಯ ಎಂದರೆ, ಬಸುರಿ ಮರಿಯಮ್ಮ ಬೆಟ್ಟದ ಊರಿಗೆ ನಡೆದು ಬಸುರಿ ಎಲಿಜಬೆತಳನ್ನು ನೋಡಲು ಹೋದದ್ದು. ಸಿಸ್ಟರ್ ಯಾವಾಗಲೂ ಹೇಳುತ್ತಿದ್ದರು, "ಸುಮ್ಮನೆ ನೋಡ್ಲಿಕ್ಕೆ ಹೋದದ್ದಲ್ಲ. ಮೂರು ತಿಂಗಳು ನಿಂತದ್ದು ಎಂತಕ್ಕೆ? ಹೆರಿಗೆ ಮಾಡ್ಸಿ ಬಂದದ್ದು. ನಮ್ಮ ಕೆಲಸದ ಮೊದಲನೇ ಸಿಸ್ಟರ್ ಅವಳು."

ನಾನು ಶುರು ಮಾಡಿದೆ. ಒಂದು. ಸಿಸ್ಟರ್ ಮಗಳ ಮೊಣಕಾಲುಗಳನ್ನು ಎದೆಯ ತನಕ ಮಡಚಿ ಅವಳ ಕೈಗೇ ಕೊಟ್ಟರು. ಎರಡು. "ಇಲ್ಲಿ ಮುಷ್ಟಿ ಇಟ್ಟು ಒತ್ತಿ, ಇಲ್ಲಿ, ಹೊಟ್ಟೆಯ ಬುಡದಲ್ಲಿ." ಒತ್ತಿದೆ. ಮೂರು, ನಾಲ್ಕು. ಬರಲಿಲ್ಲ. ಕೂಸಿನ ಮುಖ ಕೆಂಪಿನಿಂದ ನೀಲಿಗೆ ತಿರುಗುತ್ತಿತ್ತು. ನನ್ನ ನಾಲಗೆ ಓಡತೊಡಗಿತು, ಶಬ್ದದ ಮೇಲೆ ಶಬ್ದ ಬಿದ್ದು ಏನು ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲ.

"ಗಡಿಯಾರ ಓಡಿಸ್ಬೇಡಿ ಟೀಚರ್!" ತಲೆಯೆತ್ತದೆ ಹೇಳಿದರು. "ನೀವು ಓಡಿದ್ರೆ ನಂಗೆ ಸಮಯ ಸಿಕ್ಕುದಿಲ್ಲ. ಇಗರ್ಜಿಯಲ್ಲಿ ಓದ್ತೀರಲ್ಲ, ಹಾಗೆ ಹೇಳಿ."

ಆ ಮಾತು ನನಗೆ ಎಲ್ಲಿ ತಾಗಿತು ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಮೂರು ಗಂಟೆಗೆಂದು ಕೂಡಿಟ್ಟಿದ್ದ ನನ್ನ ಉಚ್ಚಾರವನ್ನೆಲ್ಲ ಅಲ್ಲಿ ಸುರಿದೆ. ಐದು. ಆರು. ಆ ಪ್ರಾರ್ಥನೆಯನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ, ಅದರಲ್ಲಿ ನಾವು ಬೇಡುವುದು ಎರಡೇ ಹೊತ್ತಿಗಾಗಿ ಎಂದು ಆ ದಿನ ಗೊತ್ತಾಯಿತು: ಈಗ, ಮತ್ತು ನಮ್ಮ ಮರಣದ ವೇಳೆಯಲ್ಲಿ. ಆ ಟೇಬಲಿನ ಮೇಲೆ ಎರಡೂ ಒಟ್ಟಿಗೇ ಇದ್ದವು.

ಏಳು. ಎಂಟು. ಸಿಸ್ಟರ್ ಒಮ್ಮೆ ಕಿಟಕಿಯ ಕಡೆ ನೋಡಿದರು. ಅರೆಕ್ಷಣ. ನಾನು ನೋಡಿದೆ. ಬೇರೆ ಯಾರೇ ಆಗಿದ್ದರೂ ಹೊರಗೆ ಬಿಸಿಲು ನೋಡಿದರು ಎಂದುಕೊಳ್ಳುತ್ತಿದ್ದರು.

"ತಿರುಗು ಮೋಳೆ. ಕೈಕಾಲೂರಿ ನಿಲ್ಲು, ಮಕ್ಕಳು ಆನೆ ಆಟ ಆಡ್ತಾವಲ್ಲ, ಹಾಗೆ." ಮಗಳು ಅಳುತ್ತಾ ತಿರುಗಿದಳು. ಒಂಬತ್ತು. ಹತ್ತು. ಸಿಸ್ಟರ್‌ನ ಆ ಸಣ್ಣ ಕೈ ಒಳಗೆ ಹೋಯಿತು. ಅವರು ಕಣ್ಣು ಮುಚ್ಚಿದ್ದರು. ಕತ್ತಲೆಯಲ್ಲಿ ಪೆಟ್ಟಿಗೆಯೊಳಗೆ ಏನನ್ನೋ ಹುಡುಕುವವರ ಹಾಗೆ ಮುಖ ಒಂದು ಬದಿಗೆ ವಾಲಿತ್ತು. ಹನ್ನೊಂದು. ಹನ್ನೆರಡು. "ಸಿಕ್ಕಿತು, ಕೈ ಸಿಕ್ಕಿತು." ಹದಿಮೂರು. ಮೊದಲು ಒಂದು ಪುಟ್ಟ ಎಡಗೈ ಬಂತು, ಅದರ ಹಿಂದೆ ಭುಜ, ಅದರ ಹಿಂದೆ ಇಡೀ ಕೂಸು ಜಾರಿ ಸಿಸ್ಟರ್‌ನ ಮಡಿಲಿಗೆ ಬಿತ್ತು.

ಹೆಣ್ಣು. ಬಿಳಿಚಿಕೊಂಡಿತ್ತು, ಒದ್ದೆ ಬಟ್ಟೆಯ ಹಾಗೆ ಜೋತಿತ್ತು. ಸ್ವರ ಇಲ್ಲ.

ಸಿಸ್ಟರ್ ಬೆನ್ನು ಉಜ್ಜಿದರು, ಬಾಯಿಯ ಲೋಳೆ ತೆಗೆದರು, ಮುಖಕ್ಕೆ ರಬ್ಬರಿನ ಬ್ಯಾಗು ಹಿಡಿದು ಒತ್ತತೊಡಗಿದರು. "ಯಾಕೆ ಅಳುದಿಲ್ಲ? ಮಮ್ಮಿ, ಯಾಕೆ ಅಳುದಿಲ್ಲ?" ಎಂದು ಮಗಳು ಕೇಳುತ್ತಲೇ ಇದ್ದಳು. ನಾನು ಮಣಿ ಹೇಳುತ್ತಲೇ ಇದ್ದೆ, ನಿಲ್ಲಿಸಬಾರದು ಎಂದಿದ್ದರಲ್ಲ. ಹದಿನಾರು. ಹದಿನೇಳು.

"ಟೀಚರ್, ಲೋಟ ಹತ್ತಿರ ತನ್ನಿ."

ತಂದೆ. ಕ್ರೋಶಾದ ಮಣಿಗಳು ಸ್ಟೀಲಿಗೆ ತಾಗಿ ಟಿಕಿಟಿಕಿ ಎನ್ನುತ್ತಿದ್ದವು.

"ಹೆಸರು ಎಂತ ಇಡುದು ಅಂತ ಮಾಡಿದ್ದೀರಿ?"

ಇಷ್ಟು ಮೆಲ್ಲಗೆ ಕೇಳಿದರು. ಅಂಗಡಿಯಲ್ಲಿ ಸಿಕ್ಕಿದಾಗ ಕೇಳುವ ಹಾಗೆ. ನಾನು ಬಾಯಿ ತೆರೆದೆ. ಮನೆಯಲ್ಲಿ ಆಡಿದ್ದ ಹತ್ತು ಹೆಸರುಗಳಲ್ಲಿ ಒಂದೂ ಬರಲಿಲ್ಲ. ಬರದಿದ್ದದ್ದು ಮರೆತದ್ದರಿಂದಲ್ಲ. ಹೆಸರು ಹೇಳಿದರೆ ಮುಗಿಯಿತು, ನೀರು ಬೀಳುತ್ತದೆ, ಎಂಟನೆಯ ಹೆಸರಾಗುತ್ತದೆ. ಬೆಳಿಗ್ಗೆ ಆರು ಗಂಟೆಯಿಂದ ಇದನ್ನು ಇಲ್ಲಿಗೆ ತಂದವಳು ನಾನು. ನಾನೇ ಹೆಸರನ್ನೂ ಹೇಳಬೇಕೇ? ಲೋಟವನ್ನು ಎದೆಗೆ ಒತ್ತಿ ಹಿಡಿದೆ. ಮಣಿಯೂ ನಿಂತಿತು.

ಆಗ ಕೂಸು ಕೆಮ್ಮಿತು. ಬೆಕ್ಕಿನ ಮರಿ ಸೀನಿದಷ್ಟೇ. ಮತ್ತೊಮ್ಮೆ ಕೆಮ್ಮಿತು. ನಂತರ ಸಿಟ್ಟು ಬಂದವರ ಹಾಗೆ ಮುಖ ಕಿವುಚಿ, ಆ ಕೋಣೆ, ಆ ಕಾನ್ವೆಂಟು, ಆ ಮೌನದ ಶುಕ್ರವಾರ ಎಲ್ಲವೂ ಒಡೆಯುವಂತೆ ಅತ್ತಿತು. ಹೊರಗೆ ಬೆಂಚಿನಲ್ಲಿದ್ದ ಜೀಪಿನವನು, "ಆಯ್ತಾ ಸಿಸ್ಟರ್? ಆಯ್ತಾ?" ಎಂದು ಗೋಡೆ ಬಡಿದ.

ಸಿಸ್ಟರ್ ಹೊಕ್ಕುಳ ಬಳ್ಳಿಯನ್ನು ಕೂಡಲೇ ಕತ್ತರಿಸಲಿಲ್ಲ. ಎರಡು ಬೆರಳಲ್ಲಿ ಅದನ್ನು ಹಿಡಿದು, ಅದರ ಮಿಡಿತ ನಿಲ್ಲುವ ತನಕ ಕಾದರು. ಅವರ ರೂಢಿ ಅದು. "ಇಬ್ಬರ ಮಾತು ಮುಗಿಯಲಿ," ಎನ್ನುತ್ತಿದ್ದರು. ಕೂಸನ್ನು ಮಗಳ ಎದೆಗೆ ಹಾಕಿ ಒಂದು ಕ್ಷಣ ಕೈ ಕಟ್ಟಿ ನಿಂತರು. ಎಷ್ಟು ಸಾವಿರ ಹೆರಿಗೆ ನೋಡಿದ ಕಣ್ಣೋ, ಮೊದಲ ಸಲ ನೋಡಿದ ಹಾಗೆ ನೋಡುತ್ತಿತ್ತು. ಆಮೇಲೆ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಅರ್ಧ ಚೆಲ್ಲಿತ್ತು. ಉಳಿದದ್ದನ್ನು ಬಾಯಿಗೆ ಎತ್ತಿದರು.

ಆಗಲೂ ನಾನು ಸುಮ್ಮನಿರಬೇಕಿತ್ತು. ಕಾನ್ವೆಂಟಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಸಿಸ್ಟರ್, ಉಪವಾಸ... ಇನ್ನೂ ಮೂರು ಆಗ್ಲಿಲ್ಲ," ಎಂದೆ.

"ನಿಮ್ಮ ಇಗರ್ಜಿಯಲ್ಲಿ ಆಗ್ಲಿಲ್ಲ ಟೀಚರ್." ಕುಡಿದು, ತೋಳಿನಿಂದ ತುಟಿ ಒರೆಸಿದರು. "ಇಲ್ಲಿ ಪಾಸ್ಕ ಆಯ್ತು."

ಕೂಸಿನ ಎಡಗೈ ಕೆಲವು ವಾರ ಜೋತು ಬಿದ್ದಿತ್ತು. ಹೊರಗೆ ಎಳೆಯುವಾಗ ನರಕ್ಕೆ ನೋವಾದದ್ದು, ಸರಿಯಾಗುತ್ತದೆ ಎಂದು ಪುತ್ತೂರಿನ ಡಾಕ್ಟರು ಹೇಳಿದರು, ಆಯಿತೂ ಕೂಡ. ಆದರೆ ಸಿಸ್ಟರ್ ಅದನ್ನು ಮರೆಯಲಿಲ್ಲ. ಹುಡುಗಿ ಎಲ್ಲಿ ಕಂಡರೂ, ಇಗರ್ಜಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, "ಎಡಗೈ ಎತ್ತು ನೋಡುವ," ಎನ್ನುತ್ತಿದ್ದರು. ಅವಳು ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದವರ ಹಾಗೆ ಕೈ ಎತ್ತುತ್ತಿದ್ದಳು. ಹೈಸ್ಕೂಲಿಗೆ ಬಂದ ಮೇಲೆ ನಾಚಿಕೆಯಾಗಿ, "ಎಂತ ಸಿಸ್ಟರ್, ಎಲ್ಲರೂ ನೋಡ್ತಾರೆ," ಎಂದರೂ ಬಿಡುತ್ತಿರಲಿಲ್ಲ. "ಎಲ್ಲರೂ ನೋಡ್ಲಿ. ನಾನು ಮೊದಲು ಹಿಡಿದದ್ದು ಆ ಕೈಯನ್ನೇ."

ಕಾಲಕ್ರಮೇಣ ಆ ಹೆರಿಗೆ ಕೋಣೆ ಮುಚ್ಚಿತು. ಎಲ್ಲರೂ ಪುತ್ತೂರಿಗೆ, ಮಂಗಳೂರಿಗೆ ಹೋಗುತ್ತಾರೆ, ಹೋಗಬೇಕಾದದ್ದೇ. ಈಗ ಅಲ್ಲಿ ಹೊಲಿಗೆ ಕ್ಲಾಸು ನಡೆಯುತ್ತದೆ. ಸಿಸ್ಟರ್ ಪುತ್ತೂರಿನ ಆ ಮನೆಗೆ ಹೋಗುವಾಗ ಒಂದು ಬ್ಯಾಗು, ಅದರಲ್ಲಿ ಆ ಲೋಟ. ನಾನೂ ರಿಟೈರ್ ಆಗಿ, ಪುತ್ತೂರಿನ ಬದಿಯ ನರಿಮೊಗರಿನ ಹತ್ತಿರ ಮಗಳು ಅಳಿಯ ಮಾಡಿದ ಹೊಸ ಮನೆಗೆ ಬಂದಿದ್ದರಿಂದ ವಾರಕ್ಕೊಮ್ಮೆ ಹೋಗಿ ಕೂತು ಬರುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ದಿನ, ಇನ್ನು ತಡೆಯಲಾರದೆ ಹೇಳಿದೆ. "ಸಿಸ್ಟರ್, ಆ ದಿನ ನೋವು ಒಂದು ಗಂಟೆಗೆ ಶುರುವಾದದ್ದು ಅಂತ ನಾನು ನಿಮಗೆ ಹೇಳಿದ್ದೆ. ಅದು ಸುಳ್ಳು."

ಅವರು ಬಟಾಣಿ ಸುಲಿಯುತ್ತಿದ್ದರು. "ಆರು ಗಂಟೆಗೆ," ಎಂದರು. "ನಿಮ್ಮ ಮಗಳು ಆ ದಿನವೇ ಹೇಳಿದ್ಲು."

"ಇಷ್ಟು ವರ್ಷ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಬೈಯ್ಲಿಲ್ಲ ನೀವು."

"ಬೈದಿದ್ರೆ ನಿಮ್ಗೆ ಸ್ವಲ್ಪ ಆರಾಮ ಆಗ್ತಿತ್ತು, ಅಲ್ವಾ?" ಒಂದು ಕಾಳನ್ನು ನನ್ನ ಕೈಗೆ ಹಾಕಿದರು. "ಟೀಚರ್, ತಡ ಮಾಡಿದ್ದು ನೀವು. ಕೈ ಎಳೆದದ್ದು ನಾನು. ಅವಳು ಬಂದಳಲ್ಲ ಮಾರಾಯ್ರೆ. ನಮ್ಮಿಬ್ಬರನ್ನೂ ದಾಟಿ ಬಂದಳು."

ಕಳೆದ ತಿಂಗಳು ಬೆಳಿಗ್ಗೆ ಅಲ್ಲಿಂದ ಫೋನು ಬಂತು. ಸಿಸ್ಟರ್‌ಗೆ ನೀರೂ ಇಳಿಯುವುದಿಲ್ಲ, ಬನ್ನಿ ಎಂದು. ಮೊಮ್ಮಗಳಿಗೆ ಕಾಲೇಜಿಗೆ ಹೋಗುವ ಹೊತ್ತು. ಬ್ಯಾಗು ಕೆಳಗಿಟ್ಟು ನನ್ನ ಜೊತೆ ಹೊರಟಳು. ಹತ್ತು ಗಂಟೆಯ ಬಿಸಿಲು ಕೋಣೆಯಲ್ಲಿ ತುಂಬಿತ್ತು. ಮಂಚದಲ್ಲಿ ಅವರು ಇಷ್ಟೇ ಇಷ್ಟಾಗಿದ್ದರು. ತುಟಿ ಒದ್ದೆ ಮಾಡಲು ನೀರು ಆ ಲೋಟದಲ್ಲೇ, ಕಿಟಕಿಯ ದಂಡೆಯಲ್ಲಿ, ಅದೇ ಕ್ರೋಶಾ ಬಟ್ಟೆಯಡಿ.

"ಸಿಸ್ಟರ್, ಇವಳು ಬಂದಿದ್ದಾಳೆ," ಎಂದೆ. ಕಣ್ಣು ಅರ್ಧ ತೆರೆಯಿತು. ತುಟಿ ಏನೋ ಹೇಳಲು ಹೊರಟಿತು, ಸ್ವರ ಬರಲಿಲ್ಲ. ಮೊಮ್ಮಗಳಿಗೆ ತಿಳಿಯಿತು. ಎಡಗೈ ಎತ್ತಿದಳು, ಎಷ್ಟು ಎತ್ತಬಹುದೋ ಅಷ್ಟು, ಹಾಗೇ ಹಿಡಿದು ನಿಂತಳು. ಆ ಕಣ್ಣು ಅದನ್ನು ನೋಡಿತು ಎಂದೇ ನಾನು ನಂಬಿದ್ದೇನೆ.

ಮಂಚದ ಸುತ್ತ ನಾಲ್ಕು ಮಂದಿ ಸಿಸ್ಟರ್‌ಗಳು ಜಪಸರ ಹಿಡಿದು ಮಂಡಿಯೂರಿದರು. ಆ ದಿನ ಮಂಗಳವಾರ, ಶುಕ್ರವಾರದ ಹಾಗೆ ಅದಕ್ಕೂ ದುಃಖದ ಧ್ಯಾನವೇ. ಅವರಲ್ಲಿ ಎಳೆಯವಳು ಶುರು ಮಾಡಿದಳು, "ದುಃಖದ ರಹಸ್ಯ, ಮೊದಲನೆಯದು..."

"ಅದಲ್ಲ," ಎಂದೆ. ಎಲ್ಲರೂ ತಿರುಗಿ ನೋಡಿದರು. "ಎಕ್ಸ್‌ಕ್ಯೂಸ್ ಮಿ, ಸಂತೋಷದ್ದು. ಎರಡನೇದು. ನಾನು ಹೇಳ್ತೇನೆ."

ಹೇಳತೊಡಗಿದೆ. ಓಡಿಸಲಿಲ್ಲ. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಮೊದಲು ಒಂದು ಮಣಿ ಇತ್ತು. ಆಮೇಲೆ ಎರಡು. ಆಮೇಲೆ ಮೂರು. ಆ ಸಣ್ಣ ಕೈ ನನ್ನ ಕೈಯಲ್ಲಿತ್ತು. ನಾಲ್ಕಾಯಿತು, ಐದಾಯಿತು, ಹತ್ತಾಯಿತು. ಇಪ್ಪತ್ತರ ತನಕ ಹೇಳಿ ನಿಲ್ಲಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಎಳೆಯ ಸಿಸ್ಟರ್ ಎದ್ದು, ಕೋಣೆ ಸರಿಮಾಡಲೆಂದು ಕಿಟಕಿಯ ಲೋಟ ಎತ್ತಿಕೊಂಡಳು, ನೀರನ್ನು ಹೊರಗೆ ಚೆಲ್ಲಲು.

"ಕೊಡಿ ಇಲ್ಲಿ," ಎಂದು ಕೈ ಚಾಚಿದೆ.

ಬಿಸಿಲಿಗೆ ಇಟ್ಟ ನೀರು, ಬೆಚ್ಚಗಾಗಿತ್ತು. ಒಂದೇ ಉಸಿರಿಗೆ ಕುಡಿದೆ.